ನಿಂತಲ್ಲೇ ಓಡಿದ ಕಾರು

ದೀಪವನ್ನು ಕತ್ತಲೆಯಲ್ಲಿಯೇ ಪರೀಕ್ಷಿಸತಕ್ಕದ್ದು ಎಂಬುದು ವಾಹನ ದೀಪ ತಪಾಸಣಾ ಕಛೇರಿಯ ಮೊದಲನೆಯ ನಿಯಮ. ಕಛೇರಿಯ ಕೆಲಸವನ್ನು ಹಗಲಿನಲ್ಲಿಯೇ ನಡೆಸತಕ್ಕದ್ದು ಎಂಬುದು ಎರಡನೆಯ ನಿಯಮ. ಎರಡೂ ಬಹಳ ಯೋಚಿಸಿ ಮಾಡಿದ ನಿಯಮಗಳು; ಒಂದನ್ನು ಮಾಡಿದವರು ಇನ್ನೊಂದನ್ನು ಓದಿರಲಿಲ್ಲ, ಅಷ್ಟೇ. ಹೀಗಾಗಿ ಎಷ್ಟೋ ವರ್ಷಗಳಿಂದ ಅಲ್ಲಿ ಒಂದು ದೀಪವೂ ಪರೀಕ್ಷೆಯಾಗಿರಲಿಲ್ಲ. ವಾಹನದವರು ಬಂದು "ನನ್ನ ದೀಪ ಚೆನ್ನಾಗಿ ಉರಿಯುತ್ತೆ ಸಾರ್" ಅನ್ನುತ್ತಿದ್ದರು. ಹೆಡ್ ಕ್ಲರ್ಕು ಅವರ ಮುಖ ನೋಡಿ ಮೊಹರು ಒತ್ತುತ್ತಿದ್ದರು. ಸುಳ್ಳು ಹೇಳುವವರ ಮುಖ ತಮಗೆ ತಿಳಿದುಬಿಡುತ್ತದೆ ಎಂದು ಅವರು ನಂಬಿದ್ದರು. ಅವರ ಆ ನಂಬಿಕೆಯಿಂದಾಗಿ ಊರಿನ ಅರ್ಧ ವಾಹನಗಳು ಸಂಜೆಯಾದ ಮೇಲೆ ತಡಕಾಡಿಕೊಂಡು ಓಡಾಡುತ್ತಿದ್ದವು.

ದರ್ಜಿಯ ಕಾರೂ ಅವುಗಳಲ್ಲಿ ಒಂದು. ಹೆಂಡತಿಯ ಅಪ್ಪ ಬಿಟ್ಟುಹೋದ ಹಳೇ ಕಾರು. ಇಂಜಿನ್ನು ಗಟ್ಟಿ, ಬಾಗಿಲು ಗಟ್ಟಿ, ಹಾರ್ನಂತೂ ಮಲಗಿದ ಬೀದಿಯನ್ನೇ ಎಬ್ಬಿಸುವಂಥದ್ದು. ಹೆಡ್‌ಲೈಟು ಮಾತ್ರ ಹತ್ತಿದೆಯೋ ಇಲ್ಲವೋ ಎಂದು ಕೆಳಗಿಳಿದು ನೋಡಬೇಕಿತ್ತು. ಹೆಂಡತಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಕೆಲಸ ಬಿಡುವುದು ಕತ್ತಲಾದ ಮೇಲೆ, ದಾರಿಯಲ್ಲಿ ಬೀದಿ ದೀಪವಿಲ್ಲ. ದರ್ಜಿ ದಿನಾ ಹೋಗಿ ಕರೆತರುತ್ತಿದ್ದ. ಒಂದು ಸಂಜೆ ತಿರುವಿನಲ್ಲಿ ರಸ್ತೆ ಇದೆ ಎಂದು ದೀಪ ಹೇಳಿತು; ಇದ್ದದ್ದು ಚರಂಡಿ. ಅವಳ ಮಂಡಿ ಡ್ಯಾಶ್‌ಬೋರ್ಡಿಗೆ ಬಡಿದು ಊದಿಕೊಂಡಿತು.

"ನಿಮ್ಮ ಮೇಲೆ ನನಗೇನೂ ಕೋಪ ಇಲ್ಲರೀ," ಅಂದಳು ಅವಳು. "ಆದ್ರೆ ದೀಪ ಸರಿಯಾಗೋವರೆಗೂ ನಾನು ಈ ಕಾರು ಹತ್ತೋದಿಲ್ಲ. ನಡ್ಕೊಂಡೇ ಬರ್ತೀನಿ."

ಅವಳು ಹೇಳಿದ ಮಾತಿಗೆ ಎರಡಿಲ್ಲ. ಅಂದಿನಿಂದ ಕುಂಟಿಕೊಂಡೇ ಬರತೊಡಗಿದಳು. ದರ್ಜಿ ಟಾರ್ಚು ಹಿಡಿದು ಎದುರು ಹೋಗುತ್ತಿದ್ದ. ಊರಿನವರ ಅಂಗಿಗೆಲ್ಲ ಕಾಲರು ಕೂರಿಸುವವನು ಮನೆಯವಳನ್ನು ಕಾರಿನಲ್ಲಿ ಕೂರಿಸಲಾರೆನಲ್ಲ ಎಂದು ಅವನಿಗೆ ನಾಚಿಕೆಯಾಗುತ್ತಿತ್ತು. ಎರಡು ತುತ್ತು ಹೆಚ್ಚು ಉಣ್ಣಲೂ ಮನಸ್ಸು ಬರುತ್ತಿರಲಿಲ್ಲ.

ಕೊನೆಗೆ ಕಾರನ್ನು ಫ್ಯೂಸಣ್ಣನ ಹತ್ತಿರ ಒಯ್ದ. ವಾಹನಗಳ ಕರೆಂಟು ರಿಪೇರಿ ಮಾಡುವ ಈತನಿಗೆ ಬೇರೆ ಹೆಸರಿತ್ತು, ಅದು ಅವನಿಗೂ ಮರೆತುಹೋಗಿತ್ತು. ಬಾನೆಟ್ಟು ಎತ್ತಿ ನೋಡಿ ಅವನು ಕೇಳಿದ:

"ಇದೇನು ವೈರೋ, ಗಾಳಿಪಟದ ದಾರವೋ?"

"ಯಾಕಣ್ಣಾ, ಅದರಲ್ಲಿ ಕರೆಂಟು ಹೋಗ್ತಾ ಇಲ್ವಾ?"

"ಹೋಗುತ್ತೆ. ಬ್ಯಾಟರಿಯಿಂದ ಹೊರಟು, ಸ್ವಿಚ್ಚಿನ ಹತ್ರ ಸ್ವಲ್ಪ ಸೋರಿ, ತುಕ್ಕು ಹಿಡಿದ ಜಾಗದಲ್ಲೆಲ್ಲ ಸ್ವಲ್ಪ ಸುಂಕ ಕಟ್ಟಿ, ದೀಪಕ್ಕೆ ಬರೋ ಹೊತ್ತಿಗೆ ಏನೂ ಉಳಿದಿರಲ್ಲ. ದಾರೀಲಿ ಎಲ್ರೂ ಕೈ ಹಾಕಿದ್ರೆ ಕೊನೇಲಿರೋನಿಗೆ ಏನು ಸಿಗುತ್ತೆ ಹೇಳಿ."

ಕ್ಯಾನ್ವಾಸಿಗೆ ರವಿಕೆಯ ದಾರ ಹಾಕಿದಂತಾಗಿದೆ ಎಂದು ದರ್ಜಿಗೆ ಅರ್ಥವಾಯಿತು. ಫ್ಯೂಸಣ್ಣ ಹಳೇ ವೈರನ್ನೆಲ್ಲ ಕಿತ್ತ. ಬ್ಯಾಟರಿಯಿಂದ ದೀಪಕ್ಕೆ ನೇರವಾಗಿ ದಪ್ಪ ವೈರು ಎಳೆದು ನಡುವೆ ರಿಲೇ ಕೂರಿಸಿದ. ಇನ್ನು ಮೇಲೆ ಸ್ವಿಚ್ಚು ಅಪ್ಪಣೆ ಮಾತ್ರ ಕೊಡುತ್ತದೆ, ಭಾರ ಹೊರುವುದೆಲ್ಲ ರಿಲೇ ಎಂದು ವಿವರಿಸಿದ. ಮಂಜಾದ ಗಾಜು, ಬಲ್ಬು ಎಲ್ಲ ಹೊಸದಾಯಿತು. ಮನೆಯ ಮುಂದೆ ನಿಲ್ಲಿಸಿ ದೀಪ ಹಾಕಿದಾಗ ಎದುರು ಗೋಡೆಯ ಹರಿದ ಜಾಹೀರಾತಿನ ಸಣ್ಣಕ್ಷರವೂ ಓದಲು ಬಂತು. ಹೆಂಡತಿ ಕುಂಟುತ್ತಾ ಬಂದು ಆ ಬೆಳಕಿನಲ್ಲಿ ನಿಂತುಕೊಂಡಳು.

"ನಾಡಿದ್ದಿನಿಂದ ಕಾರಲ್ಲೇ ಬರ್ತೀನಿ," ಅಂದಳು.

ನಾಳೆಯಿಂದ ಎನ್ನಬೇಕಿತ್ತು. ಆದರೆ ವೈರಿಂಗು ಬದಲಾಯಿಸಿದ್ದಕ್ಕೆ ಒಂದು ಮೊಹರು ಹಾಕಿಸಿಕೊಂಡುಬಿಡುತ್ತೇನೆ, ಒಂದು ದಿನದ ಕೆಲಸ ಎಂದು ದರ್ಜಿಯೇ ಹೇಳಿದ್ದ. ಕೊನೆಯ ಗುಂಡಿ ಹೊಲಿಯದೆ ಅಂಗಿ ಕೊಟ್ಟು ಅಭ್ಯಾಸವಿಲ್ಲದ ಮನುಷ್ಯ. ಅವನನ್ನು ಯಾರೂ ಕರೆದಿರಲಿಲ್ಲ, ಯಾರೂ ಹಿಡಿದಿರಲಿಲ್ಲ. ತಾನಾಗಿಯೇ ಹೋದ.

ಅಷ್ಟರಲ್ಲಿ ಕಛೇರಿಗೆ ಹೊಸ ದೀಪಾಧಿಕಾರಿಗಳು ಬಂದಿದ್ದರು. ಎರಡೂ ನಿಯಮಗಳನ್ನು ಓದಿದ ಮೊದಲ ಅಧಿಕಾರಿ ಅವರು. ಹಗಲಿನಲ್ಲಿ ಕತ್ತಲೆ ಇಲ್ಲದಿದ್ದರೆ ಕತ್ತಲೆಯನ್ನು ಒದಗಿಸುವುದು ಇಲಾಖೆಯ ಕರ್ತವ್ಯ ಎಂದು ತೀರ್ಮಾನಿಸಿ, ಹಳೇ ಗೋದಾಮಿನಲ್ಲಿದ್ದ ಕಛೇರಿಯ ಕಿಟಕಿಗಳಿಗೆಲ್ಲ ಕಪ್ಪು ಬಣ್ಣ ಬಳಿಸಿದರು. ಬಣ್ಣದ ಗುತ್ತಿಗೆ ಬಾಮೈದನಿಗೆ ಹೋಯಿತು ಎಂದು ಕೆಲವರು ಆಡಿಕೊಂಡರು. ಅದು ಶುದ್ಧ ಸುಳ್ಳು. ಗುತ್ತಿಗೆದಾರರು ಅವರ ಬಾಮೈದನಲ್ಲ, ಹೆಂಡತಿಯ ತಮ್ಮ. ಗೋಡೆಗೆ ಒಂದು ಪ್ರಕಟಣೆಯನ್ನೂ ಅಂಟಿಸಲಾಯಿತು:

"ಇಂದಿನಿಂದ ಕಛೇರಿಯೊಳಗೆ ಸಂಪೂರ್ಣ ಕತ್ತಲೆಯನ್ನು ಕಾಪಾಡತಕ್ಕದ್ದು. ಸಿಬ್ಬಂದಿಯಾಗಲೀ ಸಾರ್ವಜನಿಕರಾಗಲೀ ಬೆಂಕಿಕಡ್ಡಿ ಗೀರಕೂಡದು. ಕತ್ತಲೆಗೆ ಭಂಗ ತಂದವರ ಮೇಲೆ ಶಿಸ್ತಿನ ಕ್ರಮ ಜರುಗಿಸಲಾಗುವುದು."

ಕತ್ತಲೆಯಲ್ಲಿ ಅದನ್ನು ಯಾರಿಗೂ ಓದಲಾಗದಿದ್ದರೂ ಎಲ್ಲರೂ ಪಾಲಿಸಿದರು. ಕಛೇರಿಯ ಸ್ವಂತ ಬಲ್ಬುಗಳಿಂದ ತೊಂದರೆಯೇನೂ ಇರಲಿಲ್ಲ. ಅವುಗಳ ವೈರಿಂಗು ಎಂದೋ ಸುಟ್ಟುಹೋಗಿತ್ತು. ಹೊಸದು ಬೇಕೆಂಬ ಮನವಿ ಕೇಂದ್ರ ಕಛೇರಿಯಲ್ಲಿ ಪರಿಶೀಲನೆಯಲ್ಲಿತ್ತು.

"ಯಾರದು?" ಒಳಗೆ ಕಾಲಿಟ್ಟ ದರ್ಜಿಯನ್ನು ಕತ್ತಲೆ ಕೇಳಿತು. ದನಿ ಹೆಡ್ ಕ್ಲರ್ಕರದು.

"ನಾನು ಸಾರ್, ದರ್ಜಿ. ಕಾರಿನ ದೀಪಕ್ಕೆ ಮೊಹರು ಬೇಕಿತ್ತು."

"ಸ್ವಲ್ಪ ಎಡಕ್ಕೆ ಬನ್ನಿ. ಅದು ನನ್ನ ಕಾಲು. ಇನ್ನೂ ಎಡಕ್ಕೆ."

ದೊಡ್ಡ ಶಟರನ್ನು ಎತ್ತಿ ಕಾರನ್ನು ಒಳಗೆ ತರಿಸಿ ಮತ್ತೆ ಶಟರು ಎಳೆದರು. ದೀಪಾಧಿಕಾರಿಗಳು ಅಪ್ಪಣೆ ಕೊಟ್ಟರು. ದರ್ಜಿ ಸ್ವಿಚ್ಚು ಒತ್ತಿದ.

ಕಛೇರಿ ಜಗ್ಗನೆ ಬೆಳಗಿತು. ಎಷ್ಟೋ ದಿನಗಳ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ತಾವು ಇಷ್ಟು ದಿನ ಕೂತಿದ್ದು ಜವಾನನ ಸ್ಟೂಲಿನ ಮೇಲೆ ಎಂಬುದು ಹೆಡ್ ಕ್ಲರ್ಕರಿಗೆ ಆಗ ಗೊತ್ತಾಯಿತು. ಜವಾನ ಅವರ ಕುರ್ಚಿಯಲ್ಲಿದ್ದ. ಕೈಗೆ ಬಂದ ಕಾಗದಗಳಿಗೆಲ್ಲ ಅವನೇ ಸಹಿ ಹಾಕಿದ್ದ, ಯಾವುದಕ್ಕೂ ಎಲ್ಲಿಂದಲೂ ಆಕ್ಷೇಪಣೆ ಬಂದಿರಲಿಲ್ಲ.

"ಬಹಳ ಚೆನ್ನಾಗಿದೆ," ಎಂದರು ದೀಪಾಧಿಕಾರಿಗಳು.

"ಹಾಗಾದ್ರೆ ಆರಿಸಲಾ ಸಾರ್?"

"ಬೇಡ," ಎಂದು ಇಡೀ ಕಛೇರಿ ಒಟ್ಟಿಗೆ ಹೇಳಿತು.

ದೀಪಾಧಿಕಾರಿಗಳು ಸಮಾಧಾನವಾಗಿ ತಿಳಿಹೇಳಿದರು. "ನೋಡಿ, ವರದಿ ಬರೆದ ಮೇಲೇ ಪರೀಕ್ಷೆ ಮುಗಿದ ಹಾಗೆ. ವರದಿ ಬರೆಯೋಕೆ ಬೆಳಕು ಬೇಕು. ಬೆಳಕು ಇರೋದು ನಿಮ್ಮ ಹತ್ರ. ಇನ್ನು ಕಡತಗಳಿಗೆ ಜ್ಯೇಷ್ಠತೆ ಅಂತ ಒಂದಿದೆ. ನಿಮಗಿಂತ ಮುಂಚೆ ಬಂದವರ ಕಡತ ಮುಗಿಯದೆ ನಿಮ್ಮದನ್ನ ಮುಟ್ಟೋ ಹಾಗಿಲ್ಲ."

"ನಮ್ಮ ಮನೆಯವಳಿಗೆ ಮಂಡಿ ನೋವು ಸಾರ್. ಇವತ್ತು ಮುಗಿದಿದ್ರೆ ನಾಳೆ ಅವಳನ್ನ ಕಾರಲ್ಲಿ ಕರ್ಕೊಂಡು ಬರಬಹುದಿತ್ತು."

"ಆ ತಾಯಿಯ ಮಂಡಿ ಬಗ್ಗೆ ನಮಗೂ ಕನಿಕರ ಇದೆ. ಆದರೆ ಮಂಡಿ ನಮ್ಮ ವ್ಯಾಪ್ತಿಗೆ ಬರೋದಿಲ್ಲ."

ಹೀಗೆ ಕೆಲಸ ಶುರುವಾಯಿತು. ಬ್ಯಾಟರಿ ಕುಸಿಯಬಾರದೆಂದು ಇಂಜಿನ್ನು ಓಡುತ್ತಲೇ ಇರಬೇಕಿತ್ತು. ಹಳೇ ಇಂಜಿನ್ನು ದರ್ಜಿಯ ಕಾಲಿಗೆ ಮಾತ್ರ ಬಗ್ಗುವಂಥದ್ದು; ಅವನು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ಹೊಗೆ ತುಂಬಿ ಸಿಬ್ಬಂದಿಯೂ ಕೆಮ್ಮತೊಡಗಿದಾಗ ಶಟರನ್ನು ಮೊಣಕಾಲೆತ್ತರ ತೆರೆಯಲಾಯಿತು. ಅಲ್ಲಿಂದ ಒಳಬರುವುದೆಲ್ಲವನ್ನೂ ಗಾಳಿಯೆಂದೇ ಪರಿಗಣಿಸತಕ್ಕದ್ದು, ಬೆಳಕೆಂದಲ್ಲ ಎಂದು ಅದೇ ದಿನ ಆದೇಶ ಹೊರಟಿತು.

ಪೆಟ್ರೋಲಿನ ಪ್ರಶ್ನೆ ಬಂತು. ಚಲನೆಯಲ್ಲಿರುವ ವಾಹನಕ್ಕೆ ಮಾತ್ರ ಇಲಾಖೆ ಪೆಟ್ರೋಲು ಕೊಡಬಹುದಿತ್ತು. ಹೆಡ್ ಕ್ಲರ್ಕು ತಲೆ ಓಡಿಸಿದರು. ಕಾರಿನ ಹಿಂಭಾಗಕ್ಕೆ ಜಾಕ್ ಕೊಟ್ಟು ನೆಲದಿಂದ ಮೇಲೆತ್ತಿ ಗೇರಿಗೆ ಹಾಕಿಸಿದರು. ಹಿಂದಿನ ಚಕ್ರಗಳು ಗರಗರನೆ ತಿರುಗಿದವು, ಮೀಟರು ಓಡತೊಡಗಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ಪೆಟ್ರೋಲು ಮಂಜೂರಾಯಿತು.

ಮೀಟರನ್ನು ನೋಡುತ್ತಾ ನಿಂತಿದ್ದ ಹೆಡ್ ಕ್ಲರ್ಕು ಮಾರನೆಯ ದಿನ ಕಡತಗಳ ಸಮೇತ ಹಿಂದಿನ ಸೀಟಿನಲ್ಲಿ ಬಂದು ಕೂತರು. ಚಲಿಸುತ್ತಿರುವ ವಾಹನದಲ್ಲಿ ಕುಳಿತು ಸರ್ಕಾರಿ ಕೆಲಸ ಮಾಡಿದರೆ ಅದು ಪ್ರವಾಸ. ಪ್ರವಾಸಕ್ಕೆ ಭತ್ಯೆ ಉಂಟು. ಇದು ತಿಳಿದದ್ದೇ ತಡ, ಮುಂದಿನ ಸೀಟಿಗೆ ದೀಪಾಧಿಕಾರಿಗಳೇ ಬಂದರು. ಉಳಿದ ಗುಮಾಸ್ತರಿಗೆ ಹಿಂದಿನ ಸೀಟಿನಲ್ಲಿ ಸರದಿ ಗೊತ್ತಾಯಿತು. ಜವಾನ ಡಿಕ್ಕಿಯಲ್ಲಿ ಕೂತು ಅರ್ಧ ಭತ್ಯೆ ಪಡೆದ. ಮೀಟರಿನ ಪ್ರಕಾರ ಕಛೇರಿ ದೇಶದ ಗಡಿ ದಾಟಿದ ದಿನ ಎಲ್ಲರಿಗೂ ತಂಗುವ ಭತ್ಯೆಯೂ ಸೇರಿತು. ಹೆಡ್ ಕ್ಲರ್ಕು ಪ್ರಯಾಣದ ಆಯಾಸವೆಂದು ರಜೆ ಕೇಳಿದರು. ಇಷ್ಟು ದೂರ ಬಂದ ಮೇಲೆ ಒಬ್ಬರೇ ಹಿಂದಿರುಗುವುದು ಕ್ಷೇಮವಲ್ಲವೆಂದು ರಜೆ ನಿರಾಕರಿಸಲಾಯಿತು.

ಒಳಗೆ ಬೆಳಕಿರುವ ತನಕ ಹಗಲೇ ಎಂದು ವ್ಯಾಖ್ಯಾನಿಸಿದ್ದರಿಂದ ಕಛೇರಿ ಈಗ ಸೂರ್ಯ ಮುಳುಗಿದ ಮೇಲೂ ನಡೆಯುತ್ತಿತ್ತು. ದರ್ಜಿಗೆ ಟಾರ್ಚು ಹಿಡಿದು ಎದುರು ಹೋಗುವುದೂ ತಪ್ಪಿತು.

"ಹೋಗ್ಲಿ ಬಿಡಿ, ಟಾರ್ಚನ್ನಾದ್ರೂ ನನ್ನ ಕೈಗೆ ಕೊಟ್ಟಿರಿ," ಅಂದಳು ಹೆಂಡತಿ. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು.

ಕೊನೆಗೊಂದು ದಿನ ದರ್ಜಿಯ ಕಡತಕ್ಕೆ ಸರದಿ ಬಂತು. ಹಿಂದಿನ ಸೀಟಿನಿಂದ ಹೆಡ್ ಕ್ಲರ್ಕು ಗಂಭೀರವಾಗಿ ಓದಿದರು:

"ಸದರಿ ವಾಹನದ ದೀಪಗಳು ಅತ್ಯುತ್ತಮವಾಗಿ ಉರಿಯುತ್ತವೆ ಎಂಬುದನ್ನು ಸಮಸ್ತ ಸಿಬ್ಬಂದಿಯೂ ಖುದ್ದಾಗಿ ಕಂಡಿರುತ್ತಾರೆ."

ದರ್ಜಿಯ ಎದೆ ತುಂಬಿ ಬಂತು. ಈ ಸಂಜೆಯೇ ಆಸ್ಪತ್ರೆಯ ಬಾಗಿಲಿಗೆ ಕಾರು ಒಯ್ದು ನಿಲ್ಲಿಸಬೇಕು ಅಂದುಕೊಂಡ.

"ಆದಾಗ್ಯೂ," ಎಂದು ಹೆಡ್ ಕ್ಲರ್ಕು ಹಾಳೆ ತಿರುವಿದರು, "ಪರೀಕ್ಷೆಯ ಅವಧಿಯಲ್ಲಿ ಸದರಿ ವಾಹನವು ಕ್ರಮಿಸಿರುವ ಅಪಾರ ದೂರವನ್ನು ಗಮನಿಸಲಾಗಿ, ಅದರ ವೈರಿಂಗು ಸವೆದಿರುವ ಸಂಭವವಿರುವುದರಿಂದ, ಮರುಪರೀಕ್ಷೆಗೆ ಶಿಫಾರಸು ಮಾಡಿದೆ."

"ಅದು ಎಲ್ಲೂ ಓಡಿಲ್ಲ ಸಾರ್. ನಿಂತಲ್ಲೇ ನಿಂತಿದೆ. ನೀವೂ ಒಳಗೇ ಇದ್ರಲ್ಲಾ."

ಮುಂದಿನ ಸೀಟಿನಿಂದ ದೀಪಾಧಿಕಾರಿಗಳು ನಿಧಾನವಾಗಿ ಅವನ ಕಡೆ ತಿರುಗಿದರು. "ಹಾಗಂತ ಬರೆದುಕೊಡ್ತೀರಾ? ಓಡದ ಕಾರಿಗೆ ಇಲಾಖೆಯ ಪೆಟ್ರೋಲು ತುಂಬಿಸಿಕೊಂಡವರು ಯಾರು ಅಂತ ಮೇಲಿನವರು ಕೇಳ್ತಾರೆ. ಸ್ಟೀರಿಂಗ್ ಹಿಡಿದು ಕೂತವರು ನೀವು."

ದರ್ಜಿ ಬರೆದುಕೊಡಲಿಲ್ಲ.

ಆ ವಾರ ರಸ್ತೆ ಕಡೆಯ ಕಿಟಕಿಗಳ ಕಪ್ಪು ಬಣ್ಣವನ್ನು ಕೆರೆಸಲಾಯಿತು. ಕಛೇರಿ ಎಷ್ಟು ಹೊತ್ತು ದುಡಿಯುತ್ತದೆಂದು ಸಾರ್ವಜನಿಕರಿಗೂ ಕಾಣಲಿ ಎಂಬುದು ಉದ್ದೇಶ. ಕೆರೆಯುವ ಗುತ್ತಿಗೆ, ಬಳಿದ ಅನುಭವವುಳ್ಳವರಿಗೇ ಸಿಕ್ಕಿತು. ಕಾರಿನ ಬೆಳಕು ಮೇಜುಗಳ ಮೇಲಿಂದ ಹಾದು ಕಿಟಕಿಯಾಚೆಯ ರಸ್ತೆಗೆ ಬಿತ್ತು. ಆಸ್ಪತ್ರೆಯ ಕಡೆಯಿಂದ ಬರುವ ಆ ರಸ್ತೆಯನ್ನು ಯಾವುದೋ ಕೆಲಸಕ್ಕೆಂದು ಅಗೆದು, ಜಲ್ಲಿ ಸುರಿದು, ಹಾಗೇ ಬಿಟ್ಟಿದ್ದರು. ಕೆಲಸದಿಂದ ಮರಳುವವರು ಆ ಬೆಳಕಿನಲ್ಲಿ ಗುಂಡಿ ನೋಡಿಕೊಂಡು ದಾಟುತ್ತಾ, ಇಂಥ ಕಛೇರಿ ಎಲ್ಲಾ ಊರಲ್ಲೂ ಇರಬೇಕು ಅನ್ನುತ್ತಿದ್ದರು.

ದರ್ಜಿ ಮಾತ್ರ ಒಂದು ಸಂಜೆ ಗಟ್ಟಿ ಮನಸ್ಸು ಮಾಡಿದ. ಹಾಳಾಗಿ ಹೋಗಲಿ ಕಾರು, ಇಲ್ಲೇ ಬಿಟ್ಟು ಎದ್ದು ಹೋಗುವುದೇ ಸರಿ. ಕಾಲು ಎತ್ತಿದ. ಇಂಜಿನ್ನು ಕೆಮ್ಮಿತು, ದೀಪ ಕುಗ್ಗಿತು. ಅದೇ ಹೊತ್ತಿಗೆ ಕಿಟಕಿಯಾಚೆ ಅವನ ಹೆಂಡತಿ ಬರುತ್ತಿದ್ದಳು. ಟಾರ್ಚಿನ ಸೆಲ್ಲು ಉಳಿಯಲೆಂದು ಅದನ್ನು ಆರಿಸಿಕೊಂಡಿದ್ದಳು. ಬೆಳಕು ಕುಗ್ಗಿದ್ದೇ ಗುಂಡಿಯ ಅಂಚಿನಲ್ಲಿ ನಿಂತು, ನೋಯುವ ಕಾಲನ್ನು ಮುಂದಿಟ್ಟು ಕತ್ತಲಲ್ಲಿ ನೆಲ ತಡಕತೊಡಗಿದಳು.

ದರ್ಜಿ ಕಾಲನ್ನು ಮತ್ತೆ ಒತ್ತಿದ. ಬಲವಾಗಿ ಒತ್ತಿದ. ರಸ್ತೆಯೆಲ್ಲ ಬೆಳಗಿತು. ಅವಳು ಗುಂಡಿ ದಾಟಿದಳು, ಕಿಟಕಿಯ ಕಡೆ ತಿರುಗಿ, ಕಣ್ಣು ಕೋರೈಸಿದ್ದರಿಂದ ಏನೂ ಕಾಣದಿದ್ದರೂ, ಕೈ ಎತ್ತಿ ಆಡಿಸಿ ಮುಂದೆ ಹೋದಳು. ಅವಳು ತಿರುವು ಕಳೆಯುವವರೆಗೂ ಅವನು ಕಾಲು ಸಡಿಲಿಸಲಿಲ್ಲ. ಹಿಂದಿನ ಸೀಟಿನವರು ಇವತ್ತು ವೇಗ ಸ್ವಲ್ಪ ಜಾಸ್ತಿಯಾಯಿತೆಂದು ಗೊಣಗಿದರು.

ಮನೆಗೆ ಬಂದಾಗ ಅವಳು ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದಳು.

"ಈಗ ಆ ಜಾಗದಲ್ಲಿ ಹೆದರಿಕೆಯೇ ಇಲ್ಲ ನೋಡಿ," ಅಂದಳು. "ಹಗಲಿನ ಹಾಗಿರುತ್ತೆ. ನಾಳೆಯೂ ಹೋಗ್ತೀರಲ್ವಾ?"

"ಹೋಗದೆ ಇರ್ತೀನಾ," ಅಂದ ದರ್ಜಿ. ಮರುಪರೀಕ್ಷೆ ಆದಷ್ಟು ನಿಧಾನವಾಗಿ ನಡೆಯಬೇಕೆಂದು ಕೋರಿ ಮಾರನೆಯ ಬೆಳಿಗ್ಗೆ ಅವನೇ ಅರ್ಜಿ ಕೊಟ್ಟ. ಆ ಕಛೇರಿಯ ಇತಿಹಾಸದಲ್ಲಿ ಬಂದ ದಿನವೇ ಮಂಜೂರಾದ ಅರ್ಜಿ ಅದೊಂದೇ.