ದೇವರಿಗಿಂತ ಮೊದಲು ಅಮೆರಿಕದ ಪಾಲು

ಲಾಕ್‌ಡೌನ್‌ನಲ್ಲಿ ಮನೆಯಿಂದ ಐದು ಕಿಲೋಮೀಟರ್ ದಾಟೋ ಹಾಗಿರಲಿಲ್ಲ. ಆದರೂ ಐರ್ಲೆಂಡಿನ ಲೂಕನ್ ಊರಿನ ನಮ್ಮ ಮನೆಗೆ ಏನಾದರೊಂದು ತಮಾಷೆ ತಾನಾಗೇ ಬಂದು ಬಾಗಿಲು ತಟ್ಟುತ್ತಿತ್ತು. ಈ ಸಲದ್ದು ನನ್ನ ಪೆನ್ಷನ್ ಖಾತೆಯ ಕೃಪೆ.

ಬಾಗಿಲಾಚೆಯ ಹರಕೆ

ವರ್ಕ್ ಫ್ರಂ ಹೋಮ್ ಆಗಿ ಪೆಟ್ರೋಲ್ ದುಡ್ಡು ಉಳೀತಲ್ಲ, ಅದನ್ನ ಪೆನ್ಷನ್ ಖಾತೆಗೆ ಹಾಕಿ ಅಮೆರಿಕದ ಷೇರು ತಗೊಂಡೆ. "ನೋಡ್ತಾ ಇರು, ಕೂತಲ್ಲಿಗೇ ಡಿವಿಡೆಂಡ್ ಬರುತ್ತೆ. ಪೆನ್ಷನ್ ಖಾತೆ, ಒಂದು ಸೆಂಟ್ ಟ್ಯಾಕ್ಸ್ ಇಲ್ಲ!" ಅಂತ ಹೆಂಡತಿಯ ತಲೆ ತಿಂದೆ. ಅವಳು ಆಸ್ಪತ್ರೆ ಡಾಕ್ಟರು. ದಿನವಿಡೀ ಮಾಸ್ಕು, ಗೌನಿನಲ್ಲಿ ಬೆಂದು ಬಂದವಳಿಗೆ ರಾತ್ರಿ ಊಟಕ್ಕೆ ನನ್ನ ಈ ಪುರಾಣ.

ಅಷ್ಟರಲ್ಲಿ ನನಗೇ ಕೊರೋನಾ ಬಂತು. ಮಹಡಿಯ ಚಿಕ್ಕ ರೂಮಿನಲ್ಲಿ ಬಿದ್ದುಕೊಂಡೆ. ಆಕ್ಸಿಜನ್ ಇಳಿಯೋಕೆ ಶುರುವಾದ ಸಂಜೆ ಡಾಕ್ಟರಮ್ಮ ಆಂಬುಲೆನ್ಸಿಗೆ ಫೋನ್ ಮಾಡಿದಳು. ಆಮೇಲೆ ಬಾಗಿಲಾಚೆ ನಿಂತು ಅತ್ತುಕೊಂಡೇ ಹರಕೆ ಹೊತ್ತಳು: "ನಂಜುಂಡೇಶ್ವರಾ, ಇವರು ಹುಷಾರಾದ್ರೆ ಇವರ ಮೊದಲ ಡಿವಿಡೆಂಡ್ ಪೂರಾ ನಿನಗೆ!"

ನಾನು ಒಳಗಿಂದ ಕೆಮ್ಮುತ್ತಾ, "ಪೂರಾನಾ?" ಅಂದೆ.

"ನೋಡಿದ್ರಾ, ಆಗಲೇ ದನಿ ಬಂತು!"

ಒಂದು ಸೌಟು ಗಂಜಿ

ಹುಷಾರಾಗಿ ಆಸ್ಪತ್ರೆಯಿಂದ ಮನೆಗೆ ಬಂದೆ. ಹಿಂದೆಯೇ ಡಿವಿಡೆಂಡೂ ಬಂತು. ನೋಡಿದ್ರೆ ನೂರಕ್ಕೆ ಹದಿನೈದರಂತೆ ಅಮೆರಿಕ ಸರ್ಕಾರ ಅಲ್ಲೇ ಹಿಡಿದುಕೊಂಡು ಮಿಕ್ಕಿದ್ದು ಕಳಿಸಿದೆ! ಪೆನ್ಷನ್ ಕಂಪನಿಗೆ ಫೋನ್ ಮಾಡಿದೆ. ಅಲ್ಲಿನ ಹುಡುಗಿ, "ಐರ್ಲೆಂಡ್ ಏನೂ ಮುಟ್ಟಿಲ್ಲ, ಎಲ್ಲಾ ಗ್ರ್ಯಾಂಡ್! ಅಮೆರಿಕ ತಗೊಂಡಿದ್ದು ಮಾತ್ರ ವಾಪಸ್ ಬರಲ್ಲ" ಅಂದಳು.

ಅಬ್ಬಬ್ಬಾ! ವಿಮಾನಗಳೆಲ್ಲ ನಿಂತಿವೆ, ನಾನು ಪಕ್ಕದೂರು ಬ್ಲಾಂಚರ್ಡ್ಸ್‌ಟೌನ್‌ವರೆಗೂ ಹೋಗೋ ಹಾಗಿಲ್ಲ. ಅಂಥದ್ರಲ್ಲಿ ಸಮುದ್ರದ ಆಚೆ ಕೂತೇ ನನ್ನ ಮುಪ್ಪಿನ ಗಂಜಿಯಿಂದ ಒಂದು ಸೌಟು ತೆಗೆದಿದ್ದಾರೆ! ಸಿಟ್ಟು ಬರಬೇಕಿತ್ತು. ನಿಜ ಹೇಳ್ತೀನಿ, ಅವರ ಕೈಚಳಕಕ್ಕೆ ಕೈ ಮುಗಿಯಬೇಕು ಅನ್ನಿಸಿತು.

ಹೆಂಡತಿ ಮಾತ್ರ ಕಣ್ಣರಳಿಸಿ ಕೇಳಿದಳು, "ಅಮೆರಿಕದವರು ದೇವರ ಪಾಲಿಗೇ ಕೈ ಹಾಕಿದ್ರಾ? ಅವರು ಯಾವ ದೇವರಿಗೆ ಹರಕೆ ಹೊತ್ತಿದ್ದಾರಂತೆ?"

ಅರವತ್ತರ ಬೀಗ

ಸರಿ, ಮಿಕ್ಕಿದ್ದನ್ನಾದರೂ ನಂಜನಗೂಡಿಗೆ ಕಳಿಸೋಣ ಅಂತ ಮತ್ತೆ ಫೋನ್ ಮಾಡಿದೆ. ಅದೇ ಹುಡುಗಿ. "ಅರವತ್ತು ವರ್ಷ ತುಂಬೋವರೆಗೆ ತೆಗೆಯೋ ಹಾಗಿಲ್ಲ" ಅಂದಳು. ನನಗೆ ಇನ್ನೂ ನಲವತ್ಮೂರು.

ಹೆಂಡತಿಯ ಮುಖ ಬಾಡಿಹೋಯಿತು. "ಹರಕೆ ತೀರಿಸದೆ ನಿಮಗೆ ಮತ್ತೇನಾದರೂ ಆದ್ರೆ?" ಅಂದಳು. ವಾರ್ಡಿನಲ್ಲಿ ಎಂಥೆಂಥದ್ದೋ ನೋಡಿ ಅಳುಕದವಳು, ನನ್ನ ಮುಂದೆ ನಿಂತು ಗಳಗಳ ಅತ್ತಳು. "ಅಳಬೇಡ್ವೇ. ಅಮೆರಿಕದವರ ಸೌಟೂ ಸೇರಿಸಿ ನನ್ನ ಸಂಬಳದಿಂದಲೇ ಕಳಿಸ್ತೀನಿ" ಅಂದೆ.

ಅವಳು ಥಟ್ಟನೆ ಅಳು ನಿಲ್ಲಿಸಿದಳು. ಏನೋ ಹೊಳೆದ ಹಾಗೆ ಕಣ್ಣೊರೆಸಿಕೊಂಡು, "ಬೇಡ, ಬೇಡ! ಅಲ್ಲೇ ಇರಲಿ, ಮುಡಿಪು ಕಟ್ಟಿಟ್ಟ ಹಾಗೆ. ದೇವರಿಗೆ ದುಡ್ಡು ಸೇರಬೇಕಂದ್ರೆ ಅರವತ್ತರವರೆಗೆ ನಿಮ್ಮನ್ನ ಅವನೇ ಕಾಪಾಡಬೇಕಲ್ಲ!" ಅಂದಳು.



ಈಗ ನಾನು ಒಂದು ಸೀನು ಸೀನಿದರೂ ಅವಳು ನನ್ನ ಕಡೆ ತಿರುಗಲ್ಲ. ದೇವರ ಪಟದ ಕಡೆ ತಿರುಗಿ ಹೇಳ್ತಾಳೆ: "ನೋಡಪ್ಪಾ, ನಿನ್ನ ದುಡ್ಡು, ಜೋಪಾನ!"