ಅಕ್ಕಿ ಡ್ರಮ್ಮಿನಲ್ಲಿರುವ ಟೇಪ್ ರೆಕಾರ್ಡರಿನ ಬಿಡುಗಡೆ ಕೋರಿ

ಕಾಸರಕೋಡ
ಹೊನ್ನಾವರ ತಾಲೂಕು
ದಿನಾಂಕ: 6-4-2004

ಇಂದ:
ನಾಗು ಹೊನ್ನ ನಾಯ್ಕ
ಐಸ್ ಫ್ಯಾಕ್ಟರಿ ಕೆಲಸಗಾರ ಹಾಗೂ ರಜಾ ಪ್ರಯಾಣದ ಕ್ಯಾಸೆಟ್ ಅಧಿಕಾರಿ (ತನಗೆ ತಾನೇ ನೇಮಕ)

ಗೆ:
ಶ್ರೀಮತಿ ದುರ್ಗಮ್ಮನವರು
ಭಟ್ಕಳ–ಹೊನ್ನಾವರ–ಕುಮಟಾ ಟೆಂಪೋದ ಮಾಲಕರು
(ಓದಿ ಹೇಳುವವರು: ಮೊಮ್ಮಗಳು ಕುಮಾರಿ ವೀಣಾ. ವೀಣಾ, ನಿಧಾನ ಓದು. ನಡುವೆ ನಗಬೇಡ.)

ವಿಷಯ: ಬೇಸಿಗೆ ರಜೆ ಶುರುವಾಗುವುದರೊಳಗೆ ನನ್ನ ಟೇಪ್ ರೆಕಾರ್ಡರ್ ವಾಪಸ್ ಕೊಟ್ಟು, ಟೆಂಪೋದಲ್ಲಿ ಮಾತಿನ ಕ್ಯಾಸೆಟ್ ಹಾಕಲು ಪುನಃ ಅಪ್ಪಣೆ ಕೊಡುವ ಬಗ್ಗೆ.

ಉಲ್ಲೇಖ: ಕಳೆದ ದೀಪಾವಳಿ ರಜೆಯಲ್ಲಿ, ಮಂಕಿ ರಸ್ತೆ ಬದಿಗೆ ಮಳೆಯಲ್ಲಿ ನಿಂತು ತಾವು ಹೊರಡಿಸಿದ ಬಾಯಿಮಾತಿನ ಆದೇಶ.

ಮಾನ್ಯ ದುರ್ಗಜ್ಜಿಯವರೇ,

ಮೇಲಿನ ವಿಷಯಕ್ಕೆ ಸಂಬಂಧಿಸಿ ಅರ್ಜಿದಾರನಾದ ನಾನು ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ತಮ್ಮ ಟೆಂಪೋದ ಸ್ವಂತ ಟೇಪು ಕ್ಯಾಸೆಟ್ಟಿನ ರೀಲು ತಿನ್ನುತ್ತದೆ. ತಿನ್ನದೆ ಬಿಟ್ಟದ್ದು ಒಂದೇ ಒಂದು ಸಿನೆಮಾ ಹಾಡಿನ ಕ್ಯಾಸೆಟ್ಟು. ಅದರಲ್ಲಿ ಹಾಡುವವಳಿಗೆ ಈಗ ಗಂಡಸಿನ ಸ್ವರ ಬಂದಿದೆ. ಹೀಗಾಗಿ, ರಜೆಯಲ್ಲಿ ನೆಂಟರ ಮನೆಗೆ ಹೋಗುವ ಜನ ಹೊತ್ತು ಹೋಗದೆ ಒಬ್ಬರ ಚೀಲ ಒಬ್ಬರು ನೋಡುತ್ತ ಕೂರುತ್ತಿದ್ದರು. ಆದ್ದರಿಂದ ನಾನು ಗೋವಾ ಬೋಟಿನಲ್ಲಿ ದುಡಿದು ತಂದ ಮಷಿನನ್ನು ಡ್ರೈವರ್ ದಾಸಣ್ಣನ ಪಕ್ಕದಲ್ಲಿಟ್ಟು, ನಮ್ಮ ಜನರ ಮಾತು ತುಂಬಿಸಿದ ಕ್ಯಾಸೆಟ್ ಹಾಕತೊಡಗಿದೆ. ಜನರ ಮಾತೆಂದರೆ ನನಗೆ ಊಟಕ್ಕಿಂತ ಹೆಚ್ಚು, ಇದು ತಮಗೆ ಗೊತ್ತಿದ್ದದ್ದೇ.

2. ಘಟನೆಯ ದಿನ ಹಾಕಿದ್ದು ಈರಜ್ಜನ ಕಥೆ. ಪ್ರಾಯದಲ್ಲಿ ಒಬ್ಬನೇ ದೋಣಿಯಲ್ಲಿ ಬಲೆ ಬಿಟ್ಟು ಕೂತಿದ್ದಾಗ ನೀರಿನ ಕಡೆಯಿಂದ ಯಾರೋ "ಈರಾ, ಓ ಈರಾ" ಎಂದು ಕರೆದ ಕಥೆ. ಈರಜ್ಜ ಮನೆಯಲ್ಲಿ ಬಾಯಿ ಬಿಡುವುದಿಲ್ಲ, ಸೊಸೆ ತಡೆಯುತ್ತಾಳೆ. ಆದ್ದರಿಂದ ಅವನ ಮಾತನ್ನು ತಮ್ಮ ಟೆಂಪೋದಲ್ಲೇ ತುಂಬಿಸಿಕೊಂಡಿದ್ದೆ. ಕಂಡಕ್ಟರ್ ಮಂಜನ ಕೂಗು, ಸೀಟಿ ಎಲ್ಲ ಅದರೊಳಗೆ ಸೇರಿದ್ದವು. ಜೀವಂತ ಇರಲಿ ಎಂದು ನಾನೇ ಅಳಿಸದೆ ಬಿಟ್ಟೆ.

3. ಮಳೆಗೆ ಕಿಟಕಿಯ ತಾಡಪತ್ರಿ ಇಳಿಸಲಾಗಿತ್ತು. ಹೊರಗೆ ಯಾವ ಊರೆಂದು ಕಾಣುತ್ತಿರಲಿಲ್ಲ. ಮಂಕಿಯಲ್ಲಿ ಟೆಂಪೋ ನಿಂತಿತು, ಮಂಜ ಬುಟ್ಟಿ ಕಟ್ಟಲು ಹಿಂದೆ ಹೋದ. ಅದೇ ಗಳಿಗೆಗೆ ಕ್ಯಾಸೆಟ್ಟಿನ ಮಂಜ ಕೂಗಿದ: "ಕಾಸರಕೋಡಾ! ಇಳಿಯೋರು ಲಗು ಇಳೀರಿ!"
ಮೊದಲು ಇಳಿದವರು ತಾವು. ತಮ್ಮ ಹಿಂದೆ ಕಾಸರಕೋಡದವರೆಲ್ಲ ಇಳಿದರು. ಅರ್ಜಿದಾರನೂ ಇಳಿದ.

4. ಆಮೇಲೆ ಕ್ಯಾಸೆಟ್ಟಿನ ಮಂಜ ಎರಡು ಸೀಟಿ ಊದಿದ. ಎರಡು ಸೀಟಿ ಬಿದ್ದರೆ ಹಿಂದೆ ತಿರುಗಿ ನೋಡದೆ ಬಿಡಬೇಕೆಂದು ದಾಸಣ್ಣನಿಗೆ ಕಲಿಸಿದವರು ತಾವೇ. ಅವನು ಬಿಟ್ಟ. ನಿಜವಾದ ಮಂಜ ನಿಜವಾದ ಸೀಟಿ ಊದುತ್ತ ಹಿಂದಿನಿಂದ ಓಡಿದ. ಅದು ಕ್ಯಾಸೆಟ್ಟಿನದೆಂದು ದಾಸಣ್ಣ ತಿಳಿದ. ಹೀಗೆ ಮಾಲಕರು ಮತ್ತು ಕಂಡಕ್ಟರು ಇಬ್ಬರೂ ಇಲ್ಲದ ಟೆಂಪೋ, ನಿದ್ದೆಯಲ್ಲಿದ್ದ ಕುಮಟೆಯ ಮಾಲತಕ್ಕ ಒಬ್ಬಳನ್ನು ಕರೆದುಕೊಂಡು, ಕ್ಯಾಸೆಟ್ಟಿನ ಮಂಜ ಹೇಳಿದಲ್ಲೆಲ್ಲ ನಿಲ್ಲುತ್ತ ಹೊನ್ನಾವರ ಮುಟ್ಟಿತು.

5. ರಸ್ತೆ ಬದಿಯಲ್ಲಿ ತಾವು "ಇದೆಂತ ಮಾರಾಯ, ಕಾಸರಕೋಡ ಎಲ್ಲಿಗೆ ಹೋತು?" ಎಂದು ಕೇಳಿದಿರಿ. ನಾನು "ಅಜ್ಜಿ, ಕಾಸರಕೋಡ ಅಲ್ಲೇ ಅದೆ, ನಾವೇ ಮುಂಚೆ ಇಳ್ದದ್ದು" ಎಂದೆ. ಆಗ ತಾವು ಬೈಯಲು ಶುರು ಮಾಡಿದ್ದು, ಬೇರೆ ಗಾಡಿ ಸಿಕ್ಕಿ, ಅದರಲ್ಲಿ ಸೀಟು ಸಿಕ್ಕಿ, ಮನೆಯ ಅಂಗಳಕ್ಕೆ ಬಂದರೂ ಮುಗಿಯಲಿಲ್ಲ. ಒಂದು ಬೈಗುಳ ಎರಡನೇ ಸಲ ಬರಲಿಲ್ಲ. ನನ್ನ ಅಜ್ಜನ ಕಾಲದಿಂದ ಹಿಡಿದು ಇನ್ನೂ ಹುಟ್ಟದ ನನ್ನ ಮಕ್ಕಳವರೆಗೆ ತಾವು ಯಾರನ್ನೂ ಬಿಡಲಿಲ್ಲ. ನಾನು ಇಷ್ಟು ವರ್ಷ ಕೇಳಿದ ಮಾತುಗಳಲ್ಲಿ ಅದಕ್ಕೆ ಸಮ ಇನ್ನೊಂದಿಲ್ಲ. ಅದನ್ನು ತುಂಬಿಸಿಕೊಳ್ಳಬೇಕಾದ ಮಷಿನ್ ಮಾತ್ರ ಹೊನ್ನಾವರಕ್ಕೆ ಹೋಗಿತ್ತು.

6. ಸಂಜೆ ದಾಸಣ್ಣ ತಂದುಕೊಟ್ಟ ಮಷಿನನ್ನು ತಾವು ಅಕ್ಕಿ ಡ್ರಮ್ಮಿಗೆ ಹಾಕಿ "ಅಲ್ಲೇ ಬೇಯ್ಲಿ" ಎಂದಿರಿ. ಅಂದಿನಿಂದ ನಾನು ಜನರ ಮಾತನ್ನು ಬರಿ ಕಿವಿಯಲ್ಲಿ ಹಿಡಿಯುತ್ತಿದ್ದೇನೆ. ಮರುದಿನಕ್ಕೆ ಅರ್ಧ ಸೋರಿರುತ್ತದೆ.

7. ಟೆಂಪೋದ ಮಾಲಕರೇ ತಮ್ಮ ಟೆಂಪೋ ಎಲ್ಲಿದೆ ಎಂದು ಮರೆತು ಕೇಳುವಷ್ಟು ಆ ಕಥೆ ಚೆನ್ನಾಗಿತ್ತು ಎಂಬುದನ್ನು ತಾವು ಗಮನಕ್ಕೆ ತೆಗೆದುಕೊಳ್ಳಬೇಕು.

8. ಮಷಿನ್ ಬಿಡುಗಡೆಯಾದಲ್ಲಿ ಈ ರಜೆಗೆ ನನ್ನ ಶಿಫಾರಸು ಹೀಗಿದೆ. ಭಟ್ಕಳ ಬಿಡುವಾಗ ಮಲ್ಲಿಗೆ ಮಾರುವವರ ಚೌಕಾಸಿ. ಅದು ಮುರ್ಡೇಶ್ವರಕ್ಕೆ ಕುದುರುತ್ತದೆ. ಮಂಕಿಯವರೆಗೆ ಗಂಗೆಯಕ್ಕ ಮೀನು ಮಾರುವುದು (ಮೀನೆಂದರೆ ವಾಂತಿ ಬರುವವರು ಮಷಿನಿನಿಂದ ದೂರ, ಹಿಂದೆ ಕೂರಬೇಕು). ಶರಾವತಿ ಸೇತುವೆ ಮೇಲೆ ಏನೂ ಹಾಕಬಾರದು, ಎಲ್ಲರೂ ಹೊಳೆ ನೋಡುತ್ತಾರೆ. ಹೊನ್ನಾವರದಿಂದ ಮುಂದಕ್ಕೆ, ಬಂಗಡೆ ಸಾರಿಗೆ ಕೊತ್ತಂಬರಿ ಹುರಿಯಬೇಕೋ ಬೇಡವೋ ಎಂದು ಇಬ್ಬರು ಓರಗಿತ್ತಿಯರ ವಾದ. ಕುಮಟಾ ಬಂದರೂ ಮುಗಿಯುವುದಿಲ್ಲ. ಉಳಿದದ್ದನ್ನು ವಾಪಸ್ ಬರುವಾಗ ಕೇಳಬಹುದು.

9. ಈರಜ್ಜನ ಕಥೆ ಎ ಬದಿಯಲ್ಲಿ ಅರ್ಧಕ್ಕೆ ನಿಂತಿದೆ. ಪೇಟೆಯಲ್ಲಿ ಜನ ನನ್ನ ಅಂಗಿ ಹಿಡಿದು "ಕರ್ದದ್ದು ಯಾರಾ?" ಎಂದು ಕೇಳುತ್ತಾರೆ. ತಾವೂ ಮೊನ್ನೆ ಅಕ್ಕಿ ಅಳೆಯುವಾಗ ಡ್ರಮ್ಮಿನೊಳಗೆ ಬಗ್ಗಿ "ಈರಗೆ ಕರ್ದದ್ದು ಯಾರಪ್ಪ" ಎಂದಿರೆಂದು ನಂಬಲರ್ಹ ಮೂಲದಿಂದ ತಿಳಿದುಬಂದಿದೆ. (ವೀಣಾ, ಈ ಸಾಲು ಓದಬೇಡ.) ಉತ್ತರ ಬಿ ಬದಿಯಲ್ಲಿದೆ. ಈರಜ್ಜ ಮತ್ತೆ ಹೇಳುವುದಿಲ್ಲ. ಅವನ ಸೊಸೆ ಈಗ ಟೆಂಪೋಗೂ ಜೊತೆಗೆ ಬರುತ್ತಾಳೆ. ಅರ್ಜಿದಾರನಿಗೆ ಗೊತ್ತಿದೆ, ಆದರೆ ಅರ್ಜಿಯಲ್ಲಿ ಬರೆಯಲು ನಿಯಮದಲ್ಲಿ ಅವಕಾಶವಿಲ್ಲ.

10. ಬಿ ಬದಿಯಲ್ಲೂ ಮಂಜ ಕೂಗಿದ್ದಾನೆ. ಆದ್ದರಿಂದ ಅದು ನಡೆಯುವಷ್ಟು ಹೊತ್ತು ನಿಜವಾದ ಮಂಜ ಸೀಟಿಯ ಬದಲು ಸ್ಟೀಲ್ ತಟ್ಟೆ ಬಾರಿಸಲು ಒಪ್ಪಿದ್ದಾನೆ. "ತಟ್ಟೆ ಬಡಿದ್ರೆ ಮಾತ್ರ ಬಿಡೂದು, ಆತು" ಎಂದು ದಾಸಣ್ಣನೂ ಹೇಳಿದ್ದಾನೆ.

ಕಾರಣ, ಮೇಲಿನದೆಲ್ಲವನ್ನೂ ಸಹಾನುಭೂತಿಯಿಂದ ಕೇಳಿಸಿಕೊಂಡು, ಮಷಿನನ್ನು ಡ್ರಮ್ಮಿನಿಂದ ಎತ್ತಿಸಿ, ಅಕ್ಕಿ ಕೊಡವಿ, ನನ್ನ ಕೈಗೆ ಕೊಡಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ, ತಮ್ಮ ಟೆಂಪೋದ ಹಿಂದಿನ ಸೀಟಿನವ,
ನಾಗು ಹೊನ್ನ ನಾಯ್ಕ

ಲಗತ್ತುಗಳು:
ಅ) ಹೊಸ ಬ್ಯಾಟರಿ.
ಆ) ಸ್ಟೀಲ್ ತಟ್ಟೆ, ಮಂಜನ ಮನೆಯದು (ಊಟದ ಹೊತ್ತಿಗೆ ವಾಪಸ್ ಬೇಕಂತೆ).
ಇ) ಮಷಿನ್ ತೆಗೆದ ಮೇಲೆ ಡ್ರಮ್ಮಿನಲ್ಲಿ ಬೀಳುವ ಹೊಂಡ ಮುಚ್ಚಲು ಒಂದು ಸೇರು ಕುಚ್ಚಲಕ್ಕಿ.

ವಿ.ಸೂ.: ಅರ್ಜಿ ಕೇಳಿ ತಮಗೆ ಸಿಟ್ಟು ಬಂದಿರಬಹುದು. ಅರ್ಜಿದಾರ ಜಗಲಿಯಲ್ಲೇ ಕೂತಿದ್ದಾನೆ. ಬೈಯುವುದಿದ್ದರೆ ದಯವಿಟ್ಟು ಮೊದಲು ಮಷಿನ್ ಕೊಟ್ಟು, ಬ್ಯಾಟರಿ ಹಾಕುವಷ್ಟು ಪುರುಸೊತ್ತು ಕೊಟ್ಟು, ಆಮೇಲೆ ಮಂಕಿಯಿಂದ ಶುರು ಮಾಡಬೇಕಾಗಿ ವಿನಂತಿ.