ಬಾಯಮ್ಮನ ಕೇಕಿಗೆ ನಮ್ಮ ಮನೆಯ ಟೂಟಿಫ್ರೂಟಿ

ಕೆಲವರ ಮನೆಯಲ್ಲಿ ಕೆಲಸಗಳು ಸದ್ದಿಲ್ಲದೆ ಆಗಿಹೋಗುತ್ತವೆ. ನಮ್ಮದು ಆ ಜಾತಿಯ ಮನೆಯಲ್ಲ. ಇಲ್ಲಿ ಒಂದು ಮೊಟ್ಟೆ ಬೇಯಿಸಲು ಹೊರಟರೂ ಓಣಿಯ ನಾಲ್ಕು ಮನೆಯವರು ಬಂದು ವಿಚಾರಿಸಿಕೊಂಡು ಹೋಗುವಂಥದ್ದು ಏನಾದರೂ ನಡೆದೇ ನಡೆಯುತ್ತದೆ. ಹಾಗಿರುವಾಗ ಮೊನ್ನೆಯ ಡಿಸೆಂಬರಿನಲ್ಲಿ ನಾನು ಟೂಟಿಫ್ರೂಟಿ ಮಾಡಲು ಹೊರಟೆ ಎಂದರೆ ಕೇಳಬೇಕೇ?

ಹೊರಟದ್ದಕ್ಕೆ ಕಾರಣ ಪಕ್ಕದ ಮನೆಯ ಬಾಯಮ್ಮ. ನಮ್ಮ ಮಂಗಳೂರಿನ ಕಡೆ ಕ್ರಿಶ್ಚಿಯನ್ ಮನೆಯ ಹಿರಿಯ ಹೆಂಗಸರನ್ನು ನಾವು ಕರೆಯುವುದೇ ಹಾಗೆ. ನಾನು ಕೂಳೂರಿನ ಈ ಮನೆಗೆ ಸೊಸೆಯಾಗಿ ಬಂದ ವರ್ಷದಿಂದ ಪ್ರತಿ ಕ್ರಿಸ್ಮಸ್ಸಿಗೆ ಅವರ ಮನೆಯಿಂದ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ ತಟ್ಟೆ ಬರುತ್ತದೆ. ನೆವ್ರಿ, ಕಿಡಿಯೊ, ಗುಳಿಯೊ ಎಲ್ಲ ಇರುತ್ತವೆ. ಆದರೆ ನಮ್ಮ ಮನೆಯಲ್ಲಿ ಜಗಳ ಆಗುವುದು ನಡುವೆ ಕೂತಿರುವ ಕೇಕಿನ ತುಂಡಿಗೆ. ಈ ಸಲ ಬಾಯಮ್ಮ ಬಚ್ಚಲಲ್ಲಿ ಜಾರಿಬಿದ್ದು ಬಲಗೈ ಮುರಿದುಕೊಂಡರು. ನೋಡಲು ಹೋದಾಗ ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು, "ಈ ವರ್ಷ ಬೇಕರಿಯ ಕೇಕೇ ಸೈ ಮಗಾ. ಇನ್ನು ನನ್ನಿಂದ ಎಂತ ಆಗ್ತದೆ?" ಎಂದರು.

ಬೇಕರಿ ಕೇಕು ಒಮ್ಮೆ ಒಂದು ಮನೆಯ ಹೊಸಿಲು ದಾಟಿತು ಎಂದರೆ ಮುಂದಿನ ವರ್ಷ ಕೈ ನೆಟ್ಟಗಾದರೂ ಅದೇ ಬರುತ್ತದೆ. ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. "ಕೇಕು ನಾನು ಮಾಡ್ತೇನೆ, ನೀವು ಕೂತು ಹೇಳಿ" ಎಂದುಬಿಟ್ಟೆ.

"ಟೂಟಿಫ್ರೂಟಿ ಸಹ ಮಾಡ್ತೀಯಾ? ಅಂಗಡಿಯದ್ದು ರಬ್ಬರ್. ನಾನು ಪಪ್ಪಾಯಿ ಕಾಯಿಯಿಂದ ಮನೆಯಲ್ಲೇ ಮಾಡುವುದು."

"ಅದು ದೊಡ್ಡ ವಿಷಯವಾ ಬಾಯಮ್ಮ!"

ಅಷ್ಟರವರೆಗೆ ನಾನು ಮಾಡಿದ್ದ ಸಿಹಿಯೆಂದರೆ ಶಾವಿಗೆ ಪಾಯಸ ಮಾತ್ರ. ಅದನ್ನೂ ಕೆಲವು ಸಲ ಚಾಕುವಿನಲ್ಲಿ ಕೊಯ್ದು ಬಡಿಸಬೇಕಾಗುತ್ತಿತ್ತು.

೧. ಪಪ್ಪಾಯಿ ಯಾರಿಗೆ?

ಟೂಟಿಫ್ರೂಟಿಗೆ ಎಳೆಯದೂ ಅಲ್ಲದ, ಹಣ್ಣೂ ಆಗದ, ಗಟ್ಟಿ ಪಪ್ಪಾಯಿ ಬೇಕು. ಓಣಿಯ ಕೊನೆಯಲ್ಲಿರುವ ನಿವೃತ್ತ ಮಾಸ್ಟ್ರ ಹಿತ್ತಲಲ್ಲಿ ಮರ ಉಂಟು. ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಅವರ ಗೇಟಿನ ಹೊರಗಿಂದಲೇ, "ಮಾಸ್ಟ್ರೇ, ನಿಮ್ಮ ಪಪ್ಪಾಯಿ ಮರದ್ದು ಸ್ವಲ್ಪ ಬೇಕಿತ್ತು. ಸಂಜೆ ಬಂದು ಕೇಳ್ತೇನೆ" ಎಂದು ಕೂಗಿ, ಬಂದ ಬಸ್ಸು ಹತ್ತಿ ಹಂಪನಕಟ್ಟೆಗೆ ಹೋದೆ.

ನಾನು ಮಾಡಿದ ತಪ್ಪು ಅದೇ. ನಮ್ಮ ಓಣಿಯಲ್ಲಿ ಬೆಳ್ಳಂಬೆಳಗ್ಗೆ ಯಾರಾದರೂ ಪಪ್ಪಾಯಿ ಮರದ್ದು ಬೇಕೆಂದು ಕೇಳಿದರೆ ಅರ್ಥ ಒಂದೇ. ಮನೆಯಲ್ಲಿ ಯಾರಿಗೋ ಡೆಂಗ್ಯೂ, ಎಲೆಯ ರಸ ಕುಡಿಸಲಿಕ್ಕೆ.

ಸಂಜೆ ಮನೆಗೆ ಬಂದು ನೋಡಿದರೆ ಜಗಲಿಯಲ್ಲಿ ಹತ್ತು ಹದಿನೈದು ಪಪ್ಪಾಯಿ ಎಲೆಗಳ ರಾಶಿ. ಮಾಸ್ಟ್ರು ಇಡೀ ಓಣಿಗೆ ಸುದ್ದಿ ಮುಟ್ಟಿಸಿದ್ದರು. ಅತ್ತೆ ಆರೋಗ್ಯವಾಗಿ ಬಾಗಿಲಲ್ಲೇ ಕೂತಿದ್ದರು, ನಾನು ಆರೋಗ್ಯವಾಗಿ ಆಫೀಸಿಗೆ ಹೋದದ್ದನ್ನು ಎಲ್ಲರೂ ನೋಡಿದ್ದರು. ಹಾಗಾಗಿ ಕಾಯಿಲೆ ನನ್ನ ಗಂಡನಿಗೇ ಎಂದು ತೀರ್ಮಾನವಾಗಿತ್ತು. ಆ ದಿನ ತಮ್ಮ ಅಂಗಡಿಗೆ ರಜೆ ಮಾಡಿ ಮಲಗಿದ್ದದ್ದು ಬೇರೆ ಇವರ ಗ್ರಹಚಾರ.

ಮಾಸ್ಟ್ರು ತಾವೇ ಅರೆದು ಸೋಸಿದ ರಸವನ್ನು ಗ್ಲಾಸಿನಲ್ಲಿ ಹಿಡಿದು ಇವರ ಮುಂದೆ ನಿಂತಿದ್ದರು. ಇವರು ಮೂರನೇ ಕ್ಲಾಸಿನಲ್ಲಿ ಅದೇ ಮಾಸ್ಟ್ರ ಕೈಯಿಂದ ಪೆಟ್ಟು ತಿಂದವರು. ಇವತ್ತಿಗೂ ಅವರ ಎದುರು ಬಾಯಿ ಬರುವುದಿಲ್ಲ. "ನನಗೆ ಎಂತ ಆಗ್ಲಿಲ್ಲ ಸರ್" ಎಂದರಂತೆ. "ಮೊದಲು ಎಲ್ಲರೂ ಹಾಗೇ ಹೇಳುವುದು, ಕುಡಿ" ಎಂದರಂತೆ ಮಾಸ್ಟ್ರು. ನಾನು ಒಳಗೆ ಕಾಲಿಡುವುದಕ್ಕೂ ಇವರು ಕಣ್ಣು ಮುಚ್ಚಿ ಗ್ಲಾಸು ಖಾಲಿ ಮಾಡುವುದಕ್ಕೂ ಸರಿಹೋಯಿತು.

ನಾನು ವಿಷಯ ಬಿಡಿಸಿ ಹೇಳಿದೆ. ಮಾಸ್ಟ್ರು ಅರ್ಧ ನಂಬಿದರು. ಒಳ್ಳೆಯ ಮನುಷ್ಯ, ಕೂಡಲೇ ಹೋಗಿ ನಾಲ್ಕು ಕಾಯಿ ಕೊಯ್ದು ತಂದರು. ಮರುದಿನ ದಾರಿಯಲ್ಲಿ ನಮ್ಮಿಬ್ಬರನ್ನು ನಿಲ್ಲಿಸಿ, "ಪ್ಲೇಟ್ಲೆಟ್ ಎಷ್ಟುಂಟು ಈಗ?" ಎಂದು ಇವರನ್ನು ಕೇಳಿದರು. ಮಾತು ಮುಗಿದರೆ ಸಾಕೆಂದು ಇವರು, "ಎರಡು ಲಕ್ಷದ ಮೇಲೆ ಉಂಟು ಸರ್" ಎಂದರು.

ಮಾಸ್ಟ್ರು ನನ್ನ ಕಡೆ ತಿರುಗಿ ಹೇಳಿದರು: "ನೋಡಿದಿರಾ? ಒಂದೇ ಗ್ಲಾಸಿಗೆ!"

೨. ಒಣಗಿಸುವುದನ್ನು ಅತ್ತೆಗೆ ಕಲಿಸಬಾರದು

ನಮ್ಮದು ಮೀನಿನವರ ಮನೆ. ಅತ್ತೆ ನಲವತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದವರು. ಅವರ ಕೈಯ ಒಣಮೀನಿಗೆ ಈಗಲೂ ಜನ ಹೇಳಿಕಳಿಸುತ್ತಾರೆ.

ಎರಡು ಪಪ್ಪಾಯಿಯ ಸಿಪ್ಪೆ ತೆಗೆದು, ಮೆಟ್ಟುಕತ್ತಿಯಲ್ಲಿ ಸಣ್ಣ ಸಣ್ಣ ಚೌಕ ಮಾಡಿ, ಬಾಯಮ್ಮ ಹೇಳಿದಂತೆ ಸುಣ್ಣದ ತಿಳಿನೀರಿನಲ್ಲಿ ನೆನೆಸಿಟ್ಟೆ. ಹಾಗೆ ಮಾಡಿದರೆ ಪಾಕದಲ್ಲಿ ಬೇಯುವಾಗ ತುಂಡು ಕರಗುವುದಿಲ್ಲ. ಬೆಳಗ್ಗೆ ಆಫೀಸಿಗೆ ಹೋಗುವಾಗ ಅತ್ತೆ ಕೇಳಿದರು, "ಇದನ್ನು ಮತ್ತೆ ಎಂತ ಮಾಡ್ಲಿಕ್ಕೆ?"

"ಕೊನೆಗೆ ಒಣಗಿಸ್ಲಿಕ್ಕೆ ಉಂಟು" ಎಂದೆ. ನಡುವೆ ಬೇಯಿಸುವುದು, ಸಕ್ಕರೆ ಪಾಕ, ಬಣ್ಣ ಎಲ್ಲ ಉಂಟೆಂದು ಹೇಳಲಿಕ್ಕೆ ಬಸ್ಸು ಬಿಡಲಿಲ್ಲ.

ಅತ್ತೆ ನನಗೆ ಸಹಾಯ ಮಾಡಿದರು. ಒಣಗಿಸುವುದೆಂದರೆ ಅವರಿಗೆ ಗೊತ್ತಿರುವುದು ಒಂದೇ ಕ್ರಮ. ತೊಳೆದರು, ನೀರು ಬಸಿದರು, ಎರಡು ಬೊಗಸೆ ಕಲ್ಲುಪ್ಪು ಹಾಕಿ ತಿಕ್ಕಿದರು, ತಾರಸಿಯ ಮೇಲೆ ಚಾಪೆ ಹಾಸಿ ಸಾಲಾಗಿ ಹರಡಿದರು. ಕಾಗೆ ಬಾರದ ಹಾಗೆ ಮೇಲೊಂದು ಹಳೆ ಬಲೆ. ಆ ಸಾಲುಗಳನ್ನು ನೋಡಿದರೆ ಕೈಮುಗಿಯಬೇಕು, ಅಷ್ಟು ಅಚ್ಚುಕಟ್ಟು.

ಸಂಜೆ ಬಂದು ಒಂದು ತುಂಡು ಬಾಯಿಗೆ ಹಾಕಿದವಳೇ ಉಗಿದೆ. "ಅತ್ತೇ, ಇದು ಕೇಕಿಗೆ! ಉಪ್ಪು ಹಾಕ್ಲಿಕ್ಕಿಲ್ಲ!"

ಅತ್ತೆಗೆ ನನ್ನ ದಡ್ಡತನಕ್ಕೆ ಕನಿಕರ ಬಂತು. "ಉಪ್ಪು ಹಾಕದಿದ್ರೆ ಹುಳ ಆಗ್ತದೆ ಮಗಾ" ಎಂದರು.

ಎರಡು ಪಪ್ಪಾಯಿ ಹೋಯಿತೆಂದು ನಾನು ಮುಖ ಊದಿಸಿಕೊಂಡು ಓಡಾಡುತ್ತಿದ್ದರೆ, ಅವರು ಅದಕ್ಕೆ ಮೆಣಸಿನ ಹುಡಿ, ಸಾಸಿವೆ, ಹುಳಿ ಬೆರೆಸಿ ಭರಣಿಗೆ ತುಂಬಿಸಿದರು. ಗಂಜಿಯ ಜೊತೆ ಒಂದು ಕಪ್ಪು ಬಾಯಮ್ಮನಿಗೂ ಹೋಯಿತು. ಸ್ವಲ್ಪ ಹೊತ್ತಿಗೆ ಅವರ ಫೋನು ಬಂತು: "ಮಗಾ, ಕೇಕಿಗೆ ಇನ್ನೂ ಟೈಮ್ ಉಂಟು, ಹೆದರ್ಬೇಡ. ಆದ್ರೆ ನಾಳೆಯ ಗಂಜಿಗೆ ಈ ಟೂಟಿಫ್ರೂಟಿ ಇನ್ನೊಂದು ಕಪ್ ಬೇಕು."

೩. ಕೆಂಪು ಬೆರಳು

ಉಳಿದ ಎರಡು ಪಪ್ಪಾಯಿಯನ್ನು ಅತ್ತೆಯ ಕೈಗೆ ಸಿಗದ ಹಾಗೆ ಭಾನುವಾರ ಹಿಡಿದೆ. ಪಾಕ ಸರಿಯಾಗಿ ಬಂತು. ಮೂರು ಬೋಗುಣಿಗೆ ಹಂಚಿ ಕೆಂಪು, ಹಸಿರು, ಹಳದಿ ಬಣ್ಣ ಹಾಕಿದೆ. ಇಷ್ಟರಲ್ಲಿ ನನ್ನ ಗಂಡನಿಗೆ ಉತ್ಸಾಹ ಬಂತು. "ಸೌಟು ಹಾಕಿದ್ರೆ ಹುಡಿಯಾಗ್ತದೆ ಮಾರಾಯ್ತಿ, ಕೈಯಲ್ಲಿ ಮಾಡ್ಬೇಕು" ಎಂದು ಹೇಳಿ, ನಾನು ಬೇಡ ಎನ್ನುವುದರೊಳಗೆ ಕೆಂಪು ಬೋಗುಣಿಗೆ ಎರಡೂ ಕೈ ಅದ್ದಿದರು.

ಸೋಪು, ಹುಣಸೆಹಣ್ಣು, ಸೀಮೆಎಣ್ಣೆ, ಯಾವುದಕ್ಕೂ ಆ ಕೆಂಪು ಜಗ್ಗಲಿಲ್ಲ.

ಇವರದ್ದು ತೊಕ್ಕೊಟ್ಟಿನಲ್ಲಿ ಮೀನಿನ ಅಂಗಡಿ. ಮೀನು ಕೊಳ್ಳುವವರು ಮೊದಲು ಮಾಡುವುದೇ ಕಿವಿರು ಎತ್ತಿ ನೋಡುವುದು. ಕೆಂಪಗಿದ್ದರೆ ತಾಜಾ. ಸೋಮವಾರ ಬೆಳಗ್ಗೆ ಕಾಯಂ ಗಿರಾಕಿ ಅಕ್ಕ ಒಬ್ಬರು ಬಂಗುಡೆಯ ಕಿವಿರು ಎತ್ತಿದರು. ಒಳ್ಳೆ ಕೆಂಪಗಿತ್ತು. ಸಂತೋಷದಿಂದ ಎರಡು ಕಿಲೋ ಎಂದರು. ಇವರು ತೂಕಕ್ಕೆ ಹಾಕಲು ಕೈ ಚಾಚಿದರು. ಅಕ್ಕ ಕೈ ನೋಡಿದರು, ಕಿವಿರು ನೋಡಿದರು, ಮತ್ತೆ ಕೈ ನೋಡಿದರು.

"ಎಂತ ಮಾರಾಯ್ರೆ, ಕಿವಿರಿಗೆ ಪೈಂಟ್ ಹೊಡಿಲಿಕ್ಕೆ ಶುರು ಮಾಡಿದ್ದಾ?"

"ಇಲ್ಲ ಅಕ್ಕ, ದೇವರಾಣೆ! ಇದು ಕೇಕಿಂದು!"

"ಮೀನಿನ ಅಂಗಡಿಯಲ್ಲಿ ಎಂಥ ಕೇಕ್?"

ಹಿಂದೆ ನಿಂತವರೆಲ್ಲ ಕೈ ನೋಡಲು ಮುಂದೆ ಬಂದರು. ಇವರು ಬೆರಳು ಮಡಚಿಕೊಂಡರೆ ಅನುಮಾನ ಇನ್ನೂ ಜಾಸ್ತಿ. ಇಷ್ಟು ವರ್ಷ ಹಳಸಿದ ಒಂದು ಬೂತಾಯಿ ಕೂಡ ಮಾರದ ಮನುಷ್ಯ, ಅವತ್ತು ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅರ್ಧಕ್ಕೆ ಅಂಗಡಿ ಬಿಟ್ಟು, ಸ್ಕೂಟರಿನಲ್ಲಿ ಇಡೀ ಮಂಗಳೂರು ದಾಟಿ ಮನೆಗೆ ಬಂದು, ಕೆಂಪು ಟೂಟಿಫ್ರೂಟಿಯ ಡಬ್ಬಿಯನ್ನೇ ಸಾಕ್ಷಿಗೆ ಎತ್ತಿಕೊಂಡು ಹೋದರು.

ಬಂದವರಿಗೆಲ್ಲ ಒಂದೊಂದು ಚಮಚ ಕೊಟ್ಟರಂತೆ. ತಿಂದ ಮೇಲೆ ಮರ್ಯಾದೆ ವಾಪಸು ಬಂತಂತೆ. ಡಬ್ಬಿ ಮಾತ್ರ ಖಾಲಿಯೇ ಬಂತು. ಮರುದಿನ ಅದೇ ಅಕ್ಕ ಅಂಗಡಿಗೆ ಬಂದು, ಮೀನಿನ ಕಡೆ ನೋಡದೆ ಕೇಳಿದರಂತೆ: "ನಿನ್ನೆದು ಉಂಟಾ? ಮಕ್ಕಳಿಗೆ ಒಂದು ಕಾಲು ಕಿಲೋ ಕೊಡಿ."

೪. ಎಲ್ಲ ಕೆಳಗೆ

ಉಳಿದ ಹಸಿರು, ಹಳದಿಯನ್ನು ಜೋಪಾನವಾಗಿ ಒಣಗಿಸಿ, ಕ್ರಿಸ್ಮಸ್ಸಿನ ಹಿಂದಿನ ದಿನ ರಜೆ ಹಾಕಿ ಬಾಯಮ್ಮನ ಅಡುಗೆಮನೆಗೆ ಹೋದೆ. ಅತ್ತೆಯೂ ಬಂದರು. ಬಾಯಮ್ಮ ಒಂದು ತುಂಡು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಜಗಿದರು. "ಪಾಸ್" ಎಂದರು. ಆ ಒಂದು ಮಾತಿಗೆ ಮೂರು ವಾರದ ಸುಸ್ತೆಲ್ಲ ಹೋಯಿತು.

ಆಮೇಲೆ ಕುರ್ಚಿಯಲ್ಲಿ ಕೂತು ಎಡಗೈ ಬೀಸುತ್ತ ಆರ್ಡರು ಶುರು ಮಾಡಿದರು. "ಬೆಣ್ಣೆ ತಿರುಗಿಸು. ಆ ಕಡೆ ಅಲ್ಲ, ಈ ಕಡೆ. ಮೊಟ್ಟೆ ಒಡಿ. ಹಾಗೆ ಒಡಿಯುವುದಾ? ಜೆಜೂ, ದೇವರೇ! ಅದು ಮೊಟ್ಟೆ, ತೆಂಗಿನಕಾಯಿ ಅಲ್ಲ!" ಮೊಟ್ಟೆ ಒಡೆಯುವುದನ್ನು ಸಹ ನಾನು ಈ ವಯಸ್ಸಿನಲ್ಲಿ ಹೊಸದಾಗಿ ಕಲಿತೆ. ಕೊನೆಗೆ ಟೂಟಿಫ್ರೂಟಿ ಸುರಿದೆ. ಆಗ ಬಾಯಮ್ಮ ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ಕಿಟಕಿಯ ಕಡೆ ನೋಡಿದರು.

ಕೇಕು ಚೆನ್ನಾಗಿ ಉಬ್ಬಿತು. ಪರಿಮಳಕ್ಕೆ ಮಾಸ್ಟ್ರೇ ಓಣಿಯ ಕೊನೆಯಿಂದ ನಡೆದು ಬಂದು ವರಾಂಡದಲ್ಲಿ ಕೂತರು. ಆರಿದ ಮೇಲೆ ಬದಿಯಿಂದ ಒಂದು ತುಂಡು ಕೊಯ್ದೆ. ಮೇಲಿನ ಮುಕ್ಕಾಲು ಭಾಗ ಬರೀ ಬ್ರೆಡ್ಡು. ಒಂದು ಹಣ್ಣಿಲ್ಲ. ಇಡೀ ಟೂಟಿಫ್ರೂಟಿ ತಳದಲ್ಲಿ ಹೋಗಿ ಸಾಮೂಹಿಕವಾಗಿ ಮಲಗಿತ್ತು.

ನನಗೆ ಅಳು ತಡೆಯಲಾಗಲಿಲ್ಲ. ಸಂಜೆಯಾಗುತ್ತ ಬಂದಿತ್ತು, ಇನ್ನೊಂದು ಕೇಕು ಮಾಡಲು ಹಣ್ಣೂ ಇಲ್ಲ, ಹೊತ್ತೂ ಇಲ್ಲ. "ಬೇಕರಿಯದ್ದೇ ತರಿಸಿ ಬಾಯಮ್ಮ, ನನ್ನಿಂದ ಆಗ್ಲಿಲ್ಲ" ಎಂದೆ. ಅತ್ತೆ ಬಗ್ಗಿ ನೋಡಿ, "ಭಾರದ್ದು ಕೆಳಗೆ ಹೋಗದೆ ಮೇಲೆ ಹೋಗ್ತದಾ? ಅದಕ್ಕೂ ಅಳುವುದಾ?" ಎಂದು ಸಮಾಧಾನ ಮಾಡಿದರು.

"ಬೇಕರಿ ಅಂತ ಹೇಳಿದ್ರೆ ಈ ಪ್ಲಾಸ್ಟರ್ ಕೈಯಲ್ಲಿ ಕೊಡ್ತೇನೆ ಒಂದು" ಎಂದರು ಬಾಯಮ್ಮ. "ದೊಡ್ಡ ತಟ್ಟೆ ತಾ. ಕೇಕಿನ ಮೇಲೆ ಕವುಚು. ಈಗ ಎರಡೂ ಹಿಡಿದು ತಿರುಗಿಸು."

ತಿರುಗಿಸಿದೆ. ತಳ ಮೇಲಾಯಿತು. ಹಸಿರು, ಹಳದಿ ತುಂಡುಗಳು ಒತ್ತೊತ್ತಾಗಿ, ಹೆಬ್ಬಾಗಿಲಿನ ಹೂವಿನ ಅಲಂಕಾರದ ಹಾಗೆ ಫಳಫಳ ಹೊಳೆದವು.

ಚರ್ಚಿನ ರಾತ್ರಿಯ ಪೂಜೆಗೆ ಹೊರಟ ಅವರ ನೆಂಟರೆಲ್ಲ ಮೊದಲು ಮನೆಗೆ ಬಂದರು. ಒಬ್ಬೊಬ್ಬರೂ ಕೇಕಿನ ಸುತ್ತ ನಿಂತು ಫೋಟೋ ತೆಗೆದರು. ಒಬ್ಬಾಕೆ ಗಲ್ಲಕ್ಕೆ ಕೈ ಇಟ್ಟು, "ಒಂದೊಂದೇ ತುಂಡು ಕೈಯಲ್ಲಿ ಜೋಡಿಸಿದ್ದಾ? ಎಷ್ಟು ತಾಳ್ಮೆ!" ಎಂದರು. ಮಾಸ್ಟ್ರು, "ಬೆಳಗ್ಗಿಂದ ಜೋಡಿಸಿದ್ದಾರೆ, ನಾನೇ ನೋಡಿದ್ದೇನೆ" ಎಂದು ಸಾಕ್ಷಿ ಹೇಳಿದರು. ಬಾಯಮ್ಮ ನನ್ನನ್ನು ಮುಂದಕ್ಕೆ ತಳ್ಳಿ, "ಎಲ್ಲ ಇವಳದ್ದೇ ಕೈ" ಎಂದರು.

ಎಲ್ಲರೂ ಹೋದ ಮೇಲೆ ಪಾತ್ರೆ ತೊಳೆಯುತ್ತ ಕೇಳಿದೆ, "ಬಾಯಮ್ಮ, ನಿಮ್ಮ ಕೇಕಿನಲ್ಲಿ ಯಾವತ್ತೂ ಹಣ್ಣು ಕೆಳಗೆ ಕೂತದ್ದಿಲ್ಲ. ನನ್ನದ್ದು ಯಾಕೆ ಹೀಗಾಯ್ತು?"

"ಹಾಗೆ ಕೂರದ ಹಾಗೆ ಒಂದು ಉಪಾಯ ಉಂಟು."

ನಾನು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ. "ಉಂಟಾ? ಮೊಟ್ಟೆ ಒಡಿಯುವುದನ್ನು ಸಹ ಹೇಳಿಕೊಟ್ರಿ, ಇದೊಂದು ಹೇಳ್ಲಿಕ್ಕೆ ಆಗ್ಲಿಲ್ಲವಾ ನಿಮಗೆ?"

ಬಾಯಮ್ಮ ಪ್ಲಾಸ್ಟರಿನ ಮೇಲೆ ಬಿದ್ದಿದ್ದ ಕೇಕಿನ ಪುಡಿಯನ್ನು ನಿಧಾನವಾಗಿ ಆರಿಸಿ ಬಾಯಿಗೆ ಹಾಕಿಕೊಂಡರು.

"ಎಲ್ಲ ಒಂದೇ ವರ್ಷ ಹೇಳಿಕೊಟ್ರೆ ಮುಂದಿನ ವರ್ಷ ನೀನು ನಿನ್ನ ಮನೆಯಲ್ಲೇ ಮಾಡ್ತಿ. ಈಗ ಫಸ್ಟ್ ಇಯರ್ ಪಾಸಾಗಿದ್ದಿ ಮಗಾ. ಅದು ಸೆಕೆಂಡ್ ಇಯರಿನ ಪಾಠ."